ನಿಮ್ಮ ಊರಿನ ಮುನ್ನೂರು ವರ್ಷಗಳ ಏಳುಬೀಳು ಅಳೆಯುವುದು ಹೇಗೆ? ಉತ್ತರ ಕನ್ನಡ ಕರಾವಳಿಗೊಂದು ಸಮಗ್ರ ಮಾರ್ಗದರ್ಶಿ

ಗೇರುಸೊಪ್ಪೆಯ ನಗರಬಸ್ತಿಕೇರಿಗೆ ಹೋಗಿ ಚತುರ್ಮುಖ ಬಸದಿ ನೋಡಿ ಬಂದವರು ಎರಡು ಮಾತು ಹೇಳುತ್ತಾರೆ: ಎಂಥ ವೈಭವ ಇತ್ತು, ಎಲ್ಲ ಹಾಳಾಗಿ ಹೋಯಿತು. ಎರಡೂ ನಿಜವೇ. ಆದರೆ ಊರಿನ ಇತಿಹಾಸ ಬರೆಯಲು ಹೊರಟವರಿಗೆ ಅಷ್ಟು ಸಾಲದು. ವೈಭವ ಯಾರದ್ದು? ಎಷ್ಟು ತಲೆಮಾರು ನಡೆಯಿತು? ಹಾಳಾದ ಮೇಲೆ ಹೊನ್ನಾವರದಂಥ ಊರು ಮತ್ತೆ ಎದ್ದಿತು, ಗೇರುಸೊಪ್ಪೆ ಏಳಲಿಲ್ಲ, ಯಾಕೆ? ಈ ಪ್ರಶ್ನೆಗಳಿಗೆ ಉತ್ತರ ಹುಡುಕುವ ದಾರಿ ಇದೆ. ಅದಕ್ಕೆ ಅರ್ಥಶಾಸ್ತ್ರದ ಪದವಿ ಬೇಡ. ಒಂದು ದಪ್ಪ ನೋಟ್‌ಬುಕ್, ಕ್ಯಾಲ್ಕುಲೇಟರ್ ಮತ್ತು ತಾಳ್ಮೆ ಇದ್ದರೆ ಸಾಕು. ಶಿರಸಿ, ಕುಮಟಾ, ಭಟ್ಕಳ, ಕಾರವಾರದ ಕಾಲೇಜು ವಿದ್ಯಾರ್ಥಿಗಳು, ನಿವೃತ್ತ ಶಿಕ್ಷಕರು, ಸ್ಥಳನಾಮ ಹಾಗೂ ಶಾಸನಗಳ ಬೆನ್ನು ಹತ್ತಿದವರು ಈ ಕೆಲಸಕ್ಕೆ ಕೈಹಾಕಬೇಕು ಎನ್ನುವುದು ನನ್ನ ಆಸೆ. ಅದಕ್ಕೇ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಒಂದು ತಪ್ಪು ಕಲ್ಪನೆ ಬಿಡಬೇಕು. ಕೈಗಾರಿಕೆ ಬರುವ ಮುಂಚಿನ ನಾಡುಗಳು ಬೆಳೆಯಲೇ ಇಲ್ಲ, ಸಾವಿರ ವರ್ಷ ಇದ್ದಲ್ಲೇ ಇದ್ದವು ಎಂದು ನಾವು ಶಾಲೆಯಲ್ಲಿ ಓದಿಕೊಂಡಿದ್ದೇವೆ. ಅದು ಹಾಗಲ್ಲ. ಸ್ಟೀಫನ್ ಬ್ರಾಡ್‌ಬೆರಿ ಮತ್ತು ಜಾನ್ ವಾಲಿಸ್ ಎಂಬ ಆರ್ಥಿಕ ಇತಿಹಾಸಕಾರರು ಯುರೋಪಿನ ಕೆಲವು ದೇಶಗಳ ಶತಮಾನಗಳ ಲೆಕ್ಕ ಇಟ್ಟು ತೋರಿಸಿದ್ದು ಬೇರೆಯೇ ಸಂಗತಿ. ಹಳೆಯ ಕಾಲದಲ್ಲೂ ಬೆಳೆದ ವರ್ಷಗಳಲ್ಲಿ ಬೆಳವಣಿಗೆ ಚೆನ್ನಾಗಿಯೇ ಇತ್ತು. ಕೆಡುಕಾಗಿದ್ದು ಕುಸಿತದಿಂದ. ಕುಸಿತ ಪದೇ ಪದೇ ಬಂದು ಗಳಿಸಿದ್ದನ್ನೆಲ್ಲ ನುಂಗಿ ಹಾಕುತ್ತಿತ್ತು. ಮುಂದೆ ದೇಶಗಳು ಶ್ರೀಮಂತವಾಗಿದ್ದು ಮುಖ್ಯವಾಗಿ ಕುಸಿತಗಳ ಸಂಖ್ಯೆ ಮತ್ತು ತೀವ್ರತೆ ಕಡಿಮೆಯಾದ್ದರಿಂದ. ಬೆಳವಣಿಗೆಯ ವೇಗ ಏರಿದ್ದರ ಪಾಲು ಅದಕ್ಕಿಂತ ಚಿಕ್ಕದು.

ಲೆಕ್ಕ ಹಾಕಿ ನೋಡಿ. ವರ್ಷಕ್ಕೆ ಶೇಕಡಾ 2ರಂತೆ ಹತ್ತು ವರ್ಷ ಬೆಳೆದರೆ 100 ಇದ್ದದ್ದು 122 ಆಗುತ್ತದೆ. ಮುಂದಿನ ಹತ್ತು ವರ್ಷ ಅದೇ ಶೇಕಡಾ 2ರಂತೆ ಇಳಿದರೆ ಮತ್ತೆ 100ಕ್ಕಿಂತ ತುಸು ಕೆಳಗೆ. ಇಪ್ಪತ್ತು ವರ್ಷದ ದುಡಿಮೆ ಕೈಗೆ ಹತ್ತಲಿಲ್ಲ. ಇನ್ನೊಂದು ಕಡೆ, ವರ್ಷಕ್ಕೆ ಬರೀ ಶೇಕಡಾ 0.2 ಬೆಳೆದು ಒಮ್ಮೆಯೂ ಕುಸಿಯದ ನಾಡು ಮುನ್ನೂರು ವರ್ಷಕ್ಕೆ 100ರಿಂದ 182ಕ್ಕೆ ಏರುತ್ತದೆ. ಹಾಗಾಗಿ ನಮ್ಮ ಕರಾವಳಿಯ ಇತಿಹಾಸದಲ್ಲಿ ವೈಭವದ ಶಿಖರಗಳಿಗಿಂತ ಕುಸಿತಗಳನ್ನು ಎಣಿಸುವುದು ಮುಖ್ಯ. ಮುಂದೆ ಹೇಳುವ ಹಂತಗಳೆಲ್ಲ ಅದಕ್ಕಾಗಿಯೇ.

ಹಂತ 1: ತಾಲೂಕು ಬಿಡಿ, ದಾರಿ ಹಿಡಿಯಿರಿ

ಇವತ್ತಿನ ತಾಲೂಕು, ಜಿಲ್ಲೆಯ ಗಡಿ ಇಟ್ಟುಕೊಂಡು ಹಳೆಯ ಆರ್ಥಿಕತೆ ಅಳೆಯಲು ಹೋದರೆ ಮೊದಲ ಹೆಜ್ಜೆಯಲ್ಲೇ ದಾರಿ ತಪ್ಪುತ್ತದೆ. ಘಟ್ಟದ ಮೇಲಿನ ತೋಟದಲ್ಲಿ ಅಡಿಕೆ ಮರಕ್ಕೆ ಹಬ್ಬಿದ ಬಳ್ಳಿಯ ಮೆಣಸು ಹೇರೆತ್ತಿನ ಮೇಲೆ ಘಟ್ಟ ಇಳಿದು, ಗೇರುಸೊಪ್ಪೆಯಲ್ಲಿ ದೋಣಿ ಹತ್ತಿ, ಹೊನ್ನಾವರದ ಅಳಿವೆ ದಾಟಿ ಸಮುದ್ರ ಸೇರುತ್ತಿತ್ತು. ಸಿದ್ದಾಪುರದ ತೋಟ, ಗೇರುಸೊಪ್ಪೆಯ ಪೇಟೆ, ಹೊನ್ನಾವರದ ಬಂದರು ಮೂರೂ ಒಂದೇ ಆರ್ಥಿಕತೆ. ಕಾರವಾರದ ಲೆಕ್ಕ ಇನ್ನೂ ದೂರ ಹೋಗುತ್ತದೆ. 1638ರಲ್ಲಿ ಅಲ್ಲಿ ಇಂಗ್ಲಿಷರ ಕೋಠಿ, ಅಂದರೆ ವ್ಯಾಪಾರದ ಠಾಣೆ, ಶುರುವಾಯಿತು. ಅಲ್ಲಿಂದ ಹೊರಟ ನಯವಾದ ಮಸ್ಲಿನ್ ಬಟ್ಟೆ ನೇಯುತ್ತಿದ್ದದ್ದು ಹುಬ್ಬಳ್ಳಿ ಕಡೆಯ ನೇಕಾರರು. ಭಟ್ಕಳದಲ್ಲಿ ಇಳಿದ, ಪರ್ಷಿಯಾ ಕೊಲ್ಲಿಯ ಹೋರ್ಮುಜ್‌ನ ಕುದುರೆ ಹೋಗುತ್ತಿದ್ದದ್ದು ವಿಜಯನಗರಕ್ಕೆ. ಹುಬ್ಬಳ್ಳಿಯಲ್ಲಿ ಯುದ್ಧವಾದರೆ ಕಾರವಾರದ ಬಂದರು ಖಾಲಿ, ಹಂಪಿ ಬಿದ್ದರೆ ಭಟ್ಕಳದ ಕುದುರೆ ಲಾಯ ಖಾಲಿ.

ಆದ್ದರಿಂದ ನಿಮ್ಮ ಘಟಕ ಹೀಗಿರಲಿ: ಒಂದು ಬಂದರು, ಅದಕ್ಕೆ ಸರಕು ತರುವ ನದಿ, ಘಟ್ಟದ ದಾರಿ, ಮೇಲಿನ ಉತ್ಪಾದನೆಯ ಸೀಮೆ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಎಂದು ನದಿಗಳನ್ನೇ ಹಿಡಿದುಕೊಂಡರೆ ನಾಲ್ಕು ಘಟಕ ಸಿಗುತ್ತವೆ. ಭಟ್ಕಳ ಐದನೆಯದು.

ಜೊತೆಗೆ ಆಳಿದವರ ಪಟ್ಟಿ ಮಾಡಿಟ್ಟುಕೊಳ್ಳಿ. ಬನವಾಸಿ ಹನ್ನೆರಡು ಸಾವಿರ, ಹೈವೆ ಐನೂರು, ಗೇರುಸೊಪ್ಪೆ ಮತ್ತು ಹಾಡುವಳ್ಳಿಯ ಸಾಳುವರು, ಕೆಳದಿ, ಸೋದೆ, ಬಿಜಾಪುರ, ಪೋರ್ಚುಗೀಸರು, ಹೈದರ್ ಮತ್ತು ಟಿಪ್ಪು, 1799ರ ನಂತರ ಕಂಪನಿ. 1862ರಲ್ಲಿ ನಮ್ಮ ಜಿಲ್ಲೆ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಈ ಪಟ್ಟಿ ಯಾಕೆಂದರೆ ಆಡಳಿತ ಬದಲಾದ ಹಾಗೆ ದಾಖಲೆಯ ಭಾಷೆ, ಅಳತೆ, ಕಡತ ಸಿಗುವ ಊರು ಎಲ್ಲವೂ ಬದಲಾಗುತ್ತವೆ. ಒಂದು ಎಚ್ಚರಿಕೆ: ಪ್ರಾಂತದ ಹೆಸರಿಗೆ ಅಂಟಿದ ಹನ್ನೆರಡು ಸಾವಿರ, ಐನೂರು ಎಂಬ ಸಂಖ್ಯೆಗಳನ್ನು ಹಳ್ಳಿಗಳ ಎಣಿಕೆ ಎಂದುಕೊಂಡು ಜನಸಂಖ್ಯೆ ಲೆಕ್ಕ ಹಾಕಬೇಡಿ. ಅವು ಹಳ್ಳಿಗಳೋ, ಕಂದಾಯದ ಮೊತ್ತವೋ ಎಂಬ ಬಗ್ಗೆ ವಿದ್ವಾಂಸರಲ್ಲೇ ಒಮ್ಮತವಿಲ್ಲ.

ಹಂತ 2: ಮೂರು ಸಿರಿವಂತಿಕೆಗಳನ್ನು ಬೇರೆ ಮಾಡಿ

ಅರಸರ ಬೊಕ್ಕಸ ಒಂದು, ನಾಡಿನ ಒಟ್ಟು ಉತ್ಪನ್ನ ಇನ್ನೊಂದು, ತಲಾ ಉತ್ಪನ್ನ ಮೂರನೆಯದು. ಈ ಮೂರೂ ಒಂದೇ ದಿಕ್ಕಿಗೆ ಹೋಗಬೇಕೆಂದಿಲ್ಲ. ಜನ ಹೆಚ್ಚಿದರೆ ಒಟ್ಟು ಉತ್ಪನ್ನ ಏರಬಹುದು, ತಲೆಗೆ ಸಿಗುವ ಅಕ್ಕಿ ಇಳಿಯಬಹುದು. ಮಾಲ್ಥಸ್ 1798ರಲ್ಲಿ ಹೇಳಿದ್ದು ಇದನ್ನೇ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದದ್ದು ಆಕೆಯ ಕೈಯಲ್ಲಿದ್ದ ವ್ಯಾಪಾರದ ಪ್ರಮಾಣಕ್ಕೆ ಸಾಕ್ಷಿ. ಮೆಣಸು ಕೊಯ್ದವರ ಮನೆಯ ಅನ್ನದ ಬಗ್ಗೆ ಆ ಬಿರುದು ಏನನ್ನೂ ಹೇಳುವುದಿಲ್ಲ. ನೋಟ್‌ಬುಕ್ಕಿನಲ್ಲಿ ಪ್ರತಿ ಮಾಹಿತಿಯ ಪಕ್ಕ ಬೊಕ್ಕಸ, ಒಟ್ಟು, ತಲಾ ಎಂದು ಗುರುತು ಹಾಕುತ್ತಾ ಹೋಗಿ. ನಮ್ಮ ಕರಾವಳಿಯ ಮಾಹಿತಿಯಲ್ಲಿ ಹೆಚ್ಚಿನ ಪಾಲು ಮೊದಲನೆಯದಕ್ಕೇ ಬೀಳುವುದು ಬೇಗ ಗೊತ್ತಾಗುತ್ತದೆ.

ಹಂತ 3: ಪ್ರವಾಸಿಗರನ್ನು ಸಾಕ್ಷಿಗಳಂತೆ ವಿಚಾರಿಸಿ

ನಮ್ಮ ಅದೃಷ್ಟ, ಈ ಕರಾವಳಿಗೆ ಬಂದು ಬರೆದಿಟ್ಟವರು ಬಹಳ. 1342ರ ಸುಮಾರಿಗೆ ಹೊನ್ನಾವರಕ್ಕೆ ಬಂದ ಇಬ್ನ್ ಬತೂತ, 1444ರಲ್ಲಿ ವಿಜಯನಗರದಿಂದ ಮರಳುತ್ತಾ ಹೊನ್ನಾವರದಲ್ಲಿ ಹಡಗು ಹತ್ತಿದ ಅಬ್ದುರ್ ರಜಾಕ್, 1516ರ ಹೊತ್ತಿಗೆ ಭಟ್ಕಳದ ವ್ಯಾಪಾರ ವಿವರಿಸಿದ ದುವಾರ್ತೆ ಬಾರ್ಬೋಸ, 1623ರಲ್ಲಿ ಕೆಳದಿ ಅರಸರ ರಾಜಧಾನಿ ಇಕ್ಕೇರಿಗೆ ಹೋಗುವ ದಾರಿಯಲ್ಲಿ ಗೇರುಸೊಪ್ಪೆ ಕಂಡ ಪಿಯೆತ್ರೋ ದೆಲ್ಲಾ ವಾಲ್ಲೆ, 1801ರಲ್ಲಿ ಭಟ್ಕಳದಿಂದ ಕಾರವಾರದವರೆಗೆ ಬಂದು, ಘಟ್ಟ ಹತ್ತಿ ಸೋದೆ, ಶಿರಸಿ, ಬನವಾಸಿ ನೋಡಿದ ಫ್ರಾನ್ಸಿಸ್ ಬುಕಾನನ್. ಸರಿಸುಮಾರು ನೂರು ವರ್ಷಕ್ಕೊಬ್ಬರಂತೆ ಸಾಕ್ಷಿ ಇರುವ ಕರಾವಳಿ ಇದು.

ಇವರ ಮಾತನ್ನು ಎತ್ತಿ ಉದ್ಧರಿಸಿದರೆ ಅಳತೆ ಆಗುವುದಿಲ್ಲ. ಪ್ರತಿಯೊಬ್ಬರಿಗೂ ಕೆಲವು ಪ್ರಶ್ನೆ ಹಾಕಬೇಕು. ಯಾವ ತಿಂಗಳಲ್ಲಿ ಬಂದರು? ಮಳೆಗಾಲದ ಬಂದರಿಗೂ ಮಾಘಮಾಸದ ಬಂದರಿಗೂ ಅಜಗಜಾಂತರ. ಯಾರ ಅತಿಥಿ? ಕಣ್ಣಾರೆ ಕಂಡದ್ದೆಷ್ಟು, ಕೇಳಿ ಬರೆದದ್ದೆಷ್ಟು? ಹಿಂದೆ ಯಾವ ಊರು ನೋಡಿ ಬಂದಿದ್ದರು, ಯಾವುದಕ್ಕೆ ಹೋಲಿಸುತ್ತಿದ್ದಾರೆ?

ಇಬ್ನ್ ಬತೂತ ಹೊನ್ನಾವರದಲ್ಲಿ ಹುಡುಗಿಯರಿಗೆ 13, ಹುಡುಗರಿಗೆ 23 ಶಾಲೆಗಳಿದ್ದವು ಎಂದು ಬರೆದ. ಇಂಥ ಸಾಲು ಅಮೂಲ್ಯ. ಎಣಿಕೆ ನಿಖರವೋ ಅಲ್ಲವೋ, ದುಡಿಯುವ ವಯಸ್ಸಿಗೆ ಬರುತ್ತಿರುವ ಮಕ್ಕಳನ್ನು, ಅದರಲ್ಲೂ ಹೆಣ್ಣುಮಕ್ಕಳನ್ನು ಓದಿಗೆ ಬಿಡುವಷ್ಟು ಮಿಗತೆ ಆ ಪೇಟೆಯಲ್ಲಿ ಇತ್ತು ಎಂಬುದು ಅದರಿಂದ ಹೊರಡುತ್ತದೆ. ಆದರೆ ಅದು ಪೇಟೆಯ ವ್ಯಾಪಾರಿ ಕುಟುಂಬಗಳ ಮಾತು. ಹತ್ತು ಮೈಲಿ ಆಚೆಗಿನ ಹಳ್ಳಿಗೆ ಅದನ್ನು ಹಚ್ಚಬಾರದು.

ದೆಲ್ಲಾ ವಾಲ್ಲೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಆತ ಹೊನ್ನಾವರದಿಂದ ನದಿಯಲ್ಲಿ ದೋಣಿಯಲ್ಲಿ ಬಂದು ಗೇರುಸೊಪ್ಪೆಯಲ್ಲಿ ಇಳಿದ. ಹಿಂದೆ ಪ್ರಸಿದ್ಧ ನಗರವಾಗಿತ್ತು, ಈಗ ನಗರವೂ ಅರಮನೆಯೂ ಪಾಳುಬಿದ್ದು ಮರಗಿಡ ಬೆಳೆದಿವೆ, ಉಳಿದಿರುವುದು ಕೆಲವು ರೈತರ ಗುಡಿಸಲು ಎಂದ. ಮೆಣಸಿನಿಂದಾಗಿ ಇಲ್ಲಿನ ರಾಣಿಗೆ ಮೆಣಸಿನ ರಾಣಿ ಎಂಬ ಹೆಸರು ಬಂತೆಂದೂ ಬರೆದ. ಕೆಳದಿಯ ವೆಂಕಟಪ್ಪ ನಾಯಕ ಗೇರುಸೊಪ್ಪೆ ಗೆದ್ದದ್ದು 1606ರ ಸುಮಾರಿಗೆ. ಅಂದರೆ ಒಂದು ರಾಜಧಾನಿ ಒಂದೇ ತಲೆಮಾರಿನೊಳಗೆ ಕಾಡಾಯಿತು. ಇದು ಕಂಡದ್ದು, ನಂಬಬಹುದು. ರಾಜ್ಯ ಹೋದದ್ದಕ್ಕೆ ಆತ ಕೊಟ್ಟ ಕಾರಣ ಮಾತ್ರ ರಾಣಿಯ ಖಾಸಗಿ ಬದುಕಿನ ಬಗ್ಗೆ ಯಾರೋ ಹೇಳಿದ ಕಥೆ. ಗೆದ್ದವನ ಬಳಿಗೆ ರಾಯಭಾರಕ್ಕೆ ಹೊರಟ ತಂಡದ ಜೊತೆ ಹೋಗುತ್ತಿದ್ದ ಪ್ರವಾಸಿಯ ಕಿವಿಗೆ ಬಿದ್ದ ಕಥೆ ಅದು. ಹೆಣ್ಣಿನ ನಡತೆಯಿಂದ ರಾಜ್ಯ ಮುಳುಗಿತು ಎಂಬ ವಿವರಣೆ ಎಲ್ಲಿ ಸಿಕ್ಕರೂ ಅದನ್ನು ಬದಿಗಿಟ್ಟು ದಾರಿ, ಸುಂಕ, ಬಂದರು ಏನಾದವು ಎಂದು ಹುಡುಕಿ. ಐವತ್ತು ವರ್ಷಕ್ಕೂ ಹೆಚ್ಚು ಕಾಲ ಪೋರ್ಚುಗೀಸರ ನಡುವೆ ರಾಜ್ಯ ಉಳಿಸಿಕೊಂಡ ಹೆಣ್ಣುಮಗಳಿಗೆ ನಾವು ಅಷ್ಟಾದರೂ ನ್ಯಾಯ ಮಾಡಬೇಕು.

ದೊಡ್ಡ ಸಂಖ್ಯೆಗಳ ಬಗ್ಗೆಯೂ ಜಾಗ್ರತೆ. ವಿಜಯನಗರದ ಅರಸ ವರ್ಷಕ್ಕೆ ಹೋರ್ಮುಜ್‌ನ 13,000 ಕುದುರೆ ಕೊಳ್ಳುತ್ತಿದ್ದ ಎಂದು ಪೋರ್ಚುಗೀಸ್ ಬರಹಗಾರ ನೂನಿಜ್ ಬರೆದಿದ್ದಾನೆ. ಹಡಗೊಂದರಲ್ಲಿ ಎಷ್ಟು ಕುದುರೆ ಹಿಡಿಯಬಹುದು, ಗಾಳಿ ಅನುಕೂಲವಿರುವ ತಿಂಗಳಲ್ಲಿ ಎಷ್ಟು ಹಡಗು ಬರಬಹುದು ಎಂದು ನೀವೇ ಭಾಗಿಸಿ ನೋಡಿ. ಅದಾದ ಮೇಲೆ ಎಷ್ಟು ನಂಬಬೇಕು ಎಂದು ತೀರ್ಮಾನಿಸಿ.

ಇವರೆಲ್ಲರಲ್ಲಿ ನಮ್ಮ ಕೆಲಸಕ್ಕೆ ಅತಿ ಹೆಚ್ಚು ಒದಗುವವನು ಬುಕಾನನ್. ಬಿತ್ತಿದ ಬೀಜಕ್ಕೆ ಎಷ್ಟು ಪಟ್ಟು ಬೆಳೆ, ಕೂಲಿ ಎಷ್ಟು, ಅಳತೆಯ ಪಾತ್ರೆ ಎಷ್ಟು ದೊಡ್ಡದು ಎಂದು ಊರೂರಲ್ಲಿ ಕೇಳಿ ಬರೆದುಕೊಂಡ. ಆತ ಕಂಪನಿಯ ನೌಕರ, ಟಿಪ್ಪುವಿನ ಆಡಳಿತ ಕೆಟ್ಟದ್ದೆಂದು ತೋರಿಸುವುದು ಆತನ ಧಣಿಗಳಿಗೆ ಬೇಕಾಗಿತ್ತು ಎಂಬುದನ್ನು ನೆನಪಿಟ್ಟು ಓದಿದರೆ ಸಾಕು.

ಹಂತ 4: ಕಲ್ಲುಗಳನ್ನು ಎಣಿಸಿ, ಅದರಲ್ಲೂ ವೀರಗಲ್ಲು

ದಾನಶಾಸನ, ಬಸದಿ, ದೇವಸ್ಥಾನ, ಕೆರೆ ಇವುಗಳ ಕಾಲವನ್ನು ಇಪ್ಪತ್ತೈದು ವರ್ಷಗಳ ಕಟ್ಟುಗಳಾಗಿ ಹಾಕಿ ಎಣಿಸಿದರೆ ಮಿಗತೆಯ ಏರಿಳಿತದ ಒರಟು ಚಿತ್ರ ಸಿಗುತ್ತದೆ. ಭಟ್ಕಳದ ಖೇತಪೈ ನಾರಾಯಣ ದೇವಸ್ಥಾನ ಕಟ್ಟಿಸಿದ್ದು ಅರಸನಲ್ಲ, ಒಬ್ಬ ವ್ಯಾಪಾರಿ. ಅರಸ ಕಟ್ಟಿಸಿದ್ದು, ವ್ಯಾಪಾರಿ ಕಟ್ಟಿಸಿದ್ದು, ಊರವರು ಸೇರಿ ಕಟ್ಟಿಸಿದ್ದು ಎಂದು ಮೂರು ಸಾಲು ಮಾಡಿ. ಎರಡನೆಯ ಸಾಲು ಉದ್ದವಾಗುವ ಕಾಲ ಯಾವುದೆಂದು ನೋಡುವುದು ಬಲು ಕುತೂಹಲದ ಕೆಲಸ. ದೀಪಕ್ಕೆ, ಅನ್ನಸತ್ರಕ್ಕೆ ಹೊನ್ನು ಇಟ್ಟು ಅದರ ಬಡ್ಡಿಯಲ್ಲಿ ನಡೆಸಬೇಕೆಂದು ಬರೆದ ಶಾಸನ ಸಿಕ್ಕರೆ ಬಡ್ಡಿದರ ಪ್ರತ್ಯೇಕ ಬರೆದಿಡಿ. ಬಡ್ಡಿ ಇಳಿದಿದ್ದರೆ ಹಣ ಸುಲಭವಾಗಿ ಸಿಗುತ್ತಿತ್ತು, ನಂಬಿಕೆ ಇತ್ತು ಎಂದು ಅರ್ಥ.

ವೀರಗಲ್ಲುಗಳನ್ನು ಆರ್ಥಿಕ ಇತಿಹಾಸದಲ್ಲಿ ಬಳಸುವವರು ಕಡಿಮೆ. ನನಗೆ ಅವೇ ಮುಖ್ಯ ಎನಿಸುತ್ತವೆ. ತುರುಗೊಳ್ ಎಂದರೆ ದನ ಹೊಡೆದುಕೊಂಡು ಹೋದ ಕಾಳಗ. ಊರಳಿವು ಎಂದರೆ ಊರೇ ನಾಶವಾದದ್ದು. ಬನವಾಸಿ, ಸೊರಬ ಸೀಮೆಯಲ್ಲಿ ಕೆರೆದಂಡೆ, ಗದ್ದೆಬದುಗಳಲ್ಲಿ ಇಂಥ ಕಲ್ಲು ಧಾರಾಳ. ದಾನಶಾಸನ ಬೆಳವಣಿಗೆಗೆ ಸಾಕ್ಷಿಯಾದರೆ ಇವು ಕುಸಿತದ ಸಾಕ್ಷಿ. ಎರಡನ್ನೂ ಒಂದೇ ಹಾಳೆಯಲ್ಲಿ ಮೇಲೆ ಕೆಳಗೆ ಬರೆಯಿರಿ. ಕಲ್ಲು ಸಿಗದ ಕಾಲವನ್ನೆಲ್ಲ ಬಡತನದ ಕಾಲ ಎನ್ನಬೇಡಿ. ಕರಾವಳಿಯ ಮಳೆಯಲ್ಲಿ ಜಂಬಿಟ್ಟಿಗೆ ಕರಗುತ್ತದೆ, ಮರದ ಕಟ್ಟಡ ಉಳಿಯುವುದೇ ಇಲ್ಲ.

ಹಂತ 5: ಕೂಲಿಯನ್ನು ಅಕ್ಕಿಗೆ ಇಳಿಸಿ

ತಲಾ ಬದುಕಿನ ಹತ್ತಿರ ಹೋಗಲು ಇರುವ ಒಳ್ಳೆಯ ದಾರಿ ಇದೇ. ಹಣ, ವರಾಹ, ರೂಪಾಯಿ ಇವುಗಳ ಬೆಲೆ ಕಾಲಕಾಲಕ್ಕೆ ಬದಲಾಗಿದೆ. ಹದಿನಾರು, ಹದಿನೇಳನೆಯ ಶತಮಾನದಲ್ಲಿ ಅಮೆರಿಕದ ಬೆಳ್ಳಿ ಸಮುದ್ರಮಾರ್ಗವಾಗಿ ಏಷ್ಯಾಕ್ಕೆ ಹರಿದುಬಂತು. ಹಾಗಾಗಿ ಕೂಲಿ ಎರಡು ಹಣದಿಂದ ಮೂರು ಹಣಕ್ಕೆ ಏರಿತು ಎಂದರೆ ಏನೂ ಹೇಳಿದಂತಾಗುವುದಿಲ್ಲ. ಎಷ್ಟು ಅಕ್ಕಿ ಬರುತ್ತಿತ್ತು ಎಂಬುದೇ ಪ್ರಶ್ನೆ.

ಕ್ರಮ ಹೀಗೆ. ಆಯಾ ವರ್ಷದ, ಆಯಾ ಊರಿನ ದಿನಗೂಲಿ ಮತ್ತು ಅಕ್ಕಿಯ ಬೆಲೆ ಎರಡೂ ಸಿಗುವ ಕಡೆ ಮಾತ್ರ ಲೆಕ್ಕ ಹಾಕಿ. ಅಕ್ಕಿಯಲ್ಲೇ ಕೂಲಿ ಕೊಟ್ಟಿದ್ದರೆ ಇನ್ನೂ ಒಳ್ಳೆಯದು. ನಂತರ ಅಳತೆ ಸರಿಪಡಿಸಿ. ಸೇರು, ಕೊಳಗ, ಖಂಡುಗ ಊರಿಂದ ಊರಿಗೆ ಬೇರೆ. ಬುಕಾನನ್ ಪಾತ್ರೆಯ ಗಾತ್ರವನ್ನು ಘನ ಅಂಗುಲದಲ್ಲಿ ಕೊಟ್ಟಿದ್ದರೆ ಒಂದು ಘನ ಅಂಗುಲಕ್ಕೆ 16.4 ಮಿಲಿ ಲೀಟರ್ ಎಂದು ಹಿಡಿಯಿರಿ. ಲೀಟರ್ ಅಕ್ಕಿ ಸುಮಾರು 0.8 ಕಿಲೋ ತೂಗುತ್ತದೆ. ಭತ್ತವೋ ಅಕ್ಕಿಯೋ ನೋಡಿಕೊಳ್ಳಿ. ಭತ್ತ ಕುಟ್ಟಿದರೆ ತೂಕದಲ್ಲಿ ಮೂರರಲ್ಲಿ ಎರಡು ಪಾಲು ಅಕ್ಕಿ ಬರುತ್ತದೆ. ಈ ಒಂದು ವ್ಯತ್ಯಾಸ ಬಿಟ್ಟರೆ ಲೆಕ್ಕವೆಲ್ಲ ತಲೆಕೆಳಗು.

ಈಗ ಗೆರೆ ಎಳೆಯೋಣ. ಆರ್ಥಿಕ ಇತಿಹಾಸಕಾರ ರಾಬರ್ಟ್ ಅಲೆನ್ ಬಳಸುವ ವಿಧಾನದಲ್ಲಿ ಒಂದು ಕುಟುಂಬಕ್ಕೆ ಮೂವರು ವಯಸ್ಕರ ಊಟ, ವರ್ಷಕ್ಕೆ 250 ದಿನ ಕೂಲಿ ಎಂದು ಇಟ್ಟುಕೊಳ್ಳುತ್ತಾರೆ. ಒಬ್ಬರಿಗೆ ದಿನಕ್ಕೆ ಸುಮಾರು 2,000 ಕ್ಯಾಲೊರಿ, ಕಿಲೋ ಅಕ್ಕಿಗೆ 3,500 ಕ್ಯಾಲೊರಿ ಎಂದರೆ ಒಬ್ಬರಿಗೆ ವರ್ಷಕ್ಕೆ 209 ಕಿಲೋ, ಕುಟುಂಬಕ್ಕೆ 626 ಕಿಲೋ. ಅದನ್ನು 250ರಿಂದ ಭಾಗಿಸಿದರೆ ದಿನಕ್ಕೆ ಎರಡೂವರೆ ಕಿಲೋ. ಇದು ಬರೀ ಹೊಟ್ಟೆಗೆ. ಬಟ್ಟೆ, ಎಣ್ಣೆ, ಉಪ್ಪು, ಮದುವೆ, ತೆರಿಗೆ ಇದರ ಮೇಲೆ. ನಿಮಗೆ ಸಿಕ್ಕ ಕೂಲಿ ಎರಡೂವರೆ ಕಿಲೋ ಅಕ್ಕಿಗೆ ಹತ್ತಿರವಿದ್ದರೆ ಹೆಂಡತಿ ಮಕ್ಕಳೂ ದುಡಿಯದೆ ಆ ಮನೆ ನಡೆಯುತ್ತಿರಲಿಲ್ಲ ಎಂದು ಧೈರ್ಯವಾಗಿ ಬರೆಯಬಹುದು. ನಮ್ಮ ಕರಾವಳಿಯಲ್ಲಿ ಮೀನು, ಚಿಪ್ಪು, ಕಾಡಿನ ಗೆಡ್ಡೆ ಇದ್ದೇ ಇವೆಯಲ್ಲ ಎನ್ನಬಹುದು. ನಿಜ, ಅದಕ್ಕೇ ಈ ಗೆರೆಯನ್ನು ಎರಡು ವರ್ಷಗಳನ್ನು ಹೋಲಿಸಲು ಬಳಸಿ. ಒಂದೇ ವರ್ಷದ ಬಡತನ ತೀರ್ಮಾನಿಸಲು ಬೇಡ.

ಹಂತ 6: ಕಂದಾಯದ ಅಂಕಿಗೆ ಮರುಳಾಗಬೇಡಿ

1799ರಲ್ಲಿ ಕೆನರಾಕ್ಕೆ ಕಲೆಕ್ಟರ್ ಆಗಿ ಬಂದ ಥಾಮಸ್ ಮನ್ರೋ ಹಳೆಯ ಕಡತ ತೆಗೆಸಿ ಕಂದಾಯದ ಹಿಂದಿನ ಕಥೆ ಕಟ್ಟಿದ. ಹಳೆಯ ನಿಗದಿ ರೇಖೆ, ಆಮೇಲೆ ಹೇರಿದ್ದು ಶಾಮೀಲು. ವಿಜಯನಗರದ ಕಾಲದ ರೇಖೆಯ ಮೇಲೆ ಇಕ್ಕೇರಿಯವರು 1618ರಲ್ಲಿ ಅರ್ಧದಷ್ಟು ಏರಿಸಿದರು, ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲಿ ಇನ್ನಷ್ಟು ಸೇರಿತು ಎಂಬುದು ಆ ಕಥೆಯ ಸಾರ. ಕಂದಾಯ ಏರಿದೆ ಎಂದರೆ ನಾಡು ಬೆಳೆದಿದೆ ಎಂದೂ ಆಗಬಹುದು, ಅರಸ ಹೆಚ್ಚು ಹಿಂಡಿದ ಎಂದೂ ಆಗಬಹುದು. ಯಾವುದೆಂದು ತಿಳಿಯಲು ಭೂಮಿ ಮಾರಾಟದ ಬೆಲೆ ನೋಡಬೇಕು. ಕಂದಾಯ ಕಟ್ಟಿದ ಮೇಲೂ ಲಾಭ ಉಳಿದರೆ ಭೂಮಿಗೆ ಬೆಲೆ ಇರುತ್ತದೆ. ಉಳಿಯದಿದ್ದರೆ ಕೊಳ್ಳುವವರಿಲ್ಲ, ಬೀಳುಭೂಮಿ ಹೆಚ್ಚುತ್ತದೆ. ಮನ್ರೋಗೆ ಕಂದಾಯ ಹಗುರ ಇರಬೇಕೆಂಬ ವಾದ ಮಂಡಿಸಬೇಕಿತ್ತು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಹಂತ 7: ಕುಸಿತದ ಪಟ್ಟಿ ಮಾಡಿ

ಇಡೀ ಕೆಲಸದ ತಿರುಳು ಇಲ್ಲಿದೆ. ಒಂದು ಹಾಳೆಯಲ್ಲಿ ಐದು ಕಾಲಂ: ವರ್ಷ, ಹೊಡೆತ, ಹೊಡೆತ ಬಿದ್ದದ್ದು ಎಲ್ಲಿಗೆ, ಚೇತರಿಕೆಯ ಮೊದಲ ಗುರುತು ಯಾವಾಗ, ಚೇತರಿಸಿಕೊಳ್ಳಲು ಅಥವಾ ಕೊಳ್ಳದಿರಲು ಕಾರಣ.

ಹೊನ್ನಾವರ: 1505ರಲ್ಲಿ ಪೋರ್ಚುಗೀಸ್ ವೈಸರಾಯ್ ಅಲ್ಮೇಡನ ಪಡೆ ಹಡಗು, ಊರಿಗೆ ಬೆಂಕಿ ಹಚ್ಚಿತು. 1569ರ ಹೊತ್ತಿಗೆ ಪೋರ್ಚುಗೀಸರೇ ಅಲ್ಲಿ ಕೋಟೆ ಹಿಡಿದು ಕೂರಲು ಮುಂದಾದರು. ಸುಟ್ಟ ಊರು ಅಷ್ಟರಲ್ಲಿ ಹಿಡಿಯಲು ಯೋಗ್ಯವಾಗಿ ಬೆಳೆದಿತ್ತು ಎಂದಾಯಿತು. 1783ರಲ್ಲಿ ಇಂಗ್ಲಿಷ್ ಪಡೆಯ ದಾಳಿ, ಟಿಪ್ಪು ಪಡೆಯ ದೀರ್ಘ ಮುತ್ತಿಗೆ. 1801ರಲ್ಲಿ ಬುಕಾನನ್ ಕಂಡದ್ದು ಪಾಳು ಊರು.

ಭಟ್ಕಳ: 1510ರಲ್ಲಿ ಗೋವಾ ಪೋರ್ಚುಗೀಸರ ಪಾಲಾದ ಮೇಲೆ ಕುದುರೆ ವ್ಯಾಪಾರ ಅತ್ತ ಸೆಳೆಯಲ್ಪಟ್ಟಿತು. ಈ ವಿಜಯಕ್ಕೆ ನೆರವಾದವನು ಹೊನ್ನಾವರದ ತಿಮ್ಮೋಜ ಎಂಬುದು ನಮ್ಮ ಇತಿಹಾಸದ ನೋವಿನ ಸಂಗತಿ. 1542ರಲ್ಲಿ ಪೋರ್ಚುಗೀಸ್ ಗವರ್ನರ್ ಮಾರ್ತಿಂ ಅಫೋನ್ಸೊ ದ ಸೋಜಾ ಭಟ್ಕಳವನ್ನು ಸೂರೆಮಾಡಿದ. 1565ರ ರಕ್ಕಸತಂಗಡಿಯ ನಂತರ ಕುದುರೆ ಕೊಳ್ಳುವವರೇ ಇಲ್ಲವಾದರು.

ಕಾರವಾರ: 1665ರಲ್ಲಿ ಶಿವಾಜಿ ಬಂದಾಗ ಊರು ಕಾಣಿಕೆ ಕೊಟ್ಟು ಪಾರಾಯಿತು, ಇಂಗ್ಲಿಷರು ತೆತ್ತ ಪಾಲು 112 ಪೌಂಡ್. 1674ರಲ್ಲಿ ಕೋಟೆ ಒಪ್ಪಿಸಲಿಲ್ಲವೆಂದು ಊರಿಗೆ ಬೆಂಕಿ ಬಿತ್ತು.

ಗೇರುಸೊಪ್ಪೆ: 1606ರ ಸುಮಾರಿನ ಒಂದೇ ಹೊಡೆತ. ಮತ್ತೆ ಏಳಲಿಲ್ಲ.

ಈ ಸಾಲುಗಳನ್ನು ಪಕ್ಕಪಕ್ಕ ಇಟ್ಟಾಗ ನನಗೆ ಕಾಣುವುದು ಇದು. ಬೆಂಕಿಯಿಂದ ಬಂದರು ಸಾಯುವುದಿಲ್ಲ. ಮಾಡು ಸುಟ್ಟರೆ ಮುಂದಿನ ಮಳೆಗಾಲದೊಳಗೆ ಮತ್ತೆ ಹೊದೆಸಬಹುದು. ಬಂದರು ಸಾಯುವುದು ಕೊಳ್ಳುವವರು ಇಲ್ಲವಾದಾಗ, ಇಲ್ಲವೇ ದಾರಿ ಬೇರೆ ಕಡೆ ತಿರುಗಿದಾಗ. ಗೇರುಸೊಪ್ಪೆ ಕೆಳದಿಯ ವಶವಾದ ಮೇಲೆ ರಾಜಧಾನಿಯ ಪಟ್ಟ ಹೋಯಿತು. ಕೆಳದಿಯವರಿಗೆ ಸಮುದ್ರಕ್ಕಿಳಿಯಲು ಬಸ್ರೂರಿನಂಥ ತಮ್ಮದೇ ಬಂದರುಗಳಿದ್ದವು. ಆ ಊರಿನ ಮೂಲಕವೇ ಹೋಗಬೇಕಾದ ಅನಿವಾರ್ಯತೆ ಯಾರಿಗೂ ಉಳಿಯಲಿಲ್ಲ. ಇದು ನನ್ನ ಊಹೆ, ಪರೀಕ್ಷೆಗೆ ಒಳಪಡಿಸಬೇಕಾದದ್ದು.

ಹೊಡೆತ ಎಲ್ಲಿಗೆ ಬಿತ್ತು ಎಂಬ ಕಾಲಂ ತುಂಬುವಾಗ ಎರಡು ಪದರ ಬೇರೆ ಮಾಡಿ. ಮೇಲಿನದು ಬಂದರು, ಪೇಟೆ, ಅರಮನೆ. ಕೆಳಗಿನದು ಗಜನಿ, ತೋಟ, ಉಪ್ಪಿನಾಗರ. ಅಘನಾಶಿನಿ ದಂಡೆಯ ಗಜನಿ ಗದ್ದೆಯನ್ನೇ ನೋಡಿ. ಹೊಳೆಯ ಉಪ್ಪುನೀರು ಒಳಬರದಂತೆ ಮಣ್ಣಿನ ಕಟ್ಟೆ, ನೀರು ಬಿಡಲು ಕಟ್ಟಲು ಜಂತ್ರಡಿ. ಮಳೆ ಉಪ್ಪನ್ನು ತೊಳೆದ ಮೇಲೆ ಕಗ್ಗ ಬಿತ್ತುತ್ತಾರೆ. ನೆರೆಗೂ ಉಪ್ಪಿಗೂ ತಾಳಿಕೊಳ್ಳುವ ಭತ್ತ ಅದು. ಇದನ್ನು ನಡೆಸಲು ಅರಸ ಬೇಡ, ಆದರೆ ಊರಿನ ಜನ ಬೇಕೇ ಬೇಕು. ಕಟ್ಟೆ ವರ್ಷವರ್ಷ ದುರಸ್ತಿ ಕೇಳುತ್ತದೆ. ಜನ ಯುದ್ಧಕ್ಕೆ ಹೆದರಿ ಓಡಿಹೋದರೆ ಮುಂದಿನ ಉಬ್ಬರಕ್ಕೆ ಗದ್ದೆ ಹೊಳೆಯ ಪಾಲು. ಘಟ್ಟದ ಮೇಲಿನ ತೋಟದ ಕಥೆ ಇನ್ನೂ ಕಠಿಣ. ಅಡಿಕೆ ಸಸಿ ಫಲಕ್ಕೆ ಬರಲು ಏಳೆಂಟು ವರ್ಷ. ಬೆಟ್ಟದಿಂದ ಸೊಪ್ಪು ತಂದು ಹಾಕುವವರಿಲ್ಲದೆ, ನೀರು ಕಾಣದೆ ತೋಟ ಸತ್ತರೆ ಹೊಸ ಫಸಲು ನೋಡುವುದು ಮುಂದಿನ ದಶಕದಲ್ಲಿ. ಹಾಗಾಗಿ ಮೇಲಿನ ಪದರಕ್ಕೆ ಮಾತ್ರ ಬಿದ್ದ ಹೊಡೆತ, ಜನರನ್ನೇ ಚದುರಿಸಿದ ಹೊಡೆತ ಎರಡರ ಚೇತರಿಕೆಯ ಅವಧಿ ಬೇರೆ ಬೇರೆ. ಹದಿನೆಂಟನೆಯ ಶತಮಾನದ ಕೊನೆಯ ಯುದ್ಧಗಳು ಎರಡನೆಯ ಬಗೆಯವು. ಹತ್ತೊಂಬತ್ತನೆಯ ಶತಮಾನದ ಕರಾವಳಿ ಅಷ್ಟು ನಿಧಾನವಾಗಿ ಎದ್ದದ್ದಕ್ಕೆ ಇದೇ ಮುಖ್ಯ ಕಾರಣ ಎಂದು ನನ್ನ ಅಭಿಪ್ರಾಯ.

ಒಂದು ಊರಿನ ಕುಸಿತ ಮತ್ತೊಂದರ ಏಳಿಗೆಯೂ ಆಗಿರಬಹುದು. ಗೋವಾದಿಂದ ಹೊರಟ ಸಾರಸ್ವತ ಕುಟುಂಬಗಳು ವ್ಯಾಪಾರದ ಜಾಣತನ ಹೊತ್ತು ದಕ್ಷಿಣಕ್ಕೆ ಬಂದವು. ವಲಸೆಗೂ ಒಂದು ಸಾಲು ಇಡಿ.

ಹಂತ 8: ದರ ಹಾಕುವುದು

ಎರಡು ವರ್ಷಗಳ ಅಂಕಿ ನಂಬಲರ್ಹವಾಗಿದ್ದರೆ ಮಾತ್ರ ಬೆಳವಣಿಗೆಯ ದರ ಹಾಕಿ. ಉತ್ತರ ಕನ್ನಡದ ಜನಸಂಖ್ಯೆ 1881ರಲ್ಲಿ 4,21,840, 1901ರಲ್ಲಿ 4,54,490. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿ: 1.0774. ಇಪ್ಪತ್ತು ವರ್ಷವಾದ್ದರಿಂದ ಅದರ ಇಪ್ಪತ್ತನೆಯ ಮೂಲ ತೆಗೆಯಿರಿ, 1 ಕಳೆಯಿರಿ. ವರ್ಷಕ್ಕೆ ಸುಮಾರು ಶೇಕಡಾ 0.37. ಹಳೆಯ ಕಾಲದ ದರ ಲೆಕ್ಕ ಹಾಕಿದಾಗ ಶೇಕಡಾ 1ಕ್ಕಿಂತ ಹೆಚ್ಚು ಬಂದು, ಅದು ನೂರು ವರ್ಷ ನಡೆಯಿತು ಎನ್ನುವಂತಿದ್ದರೆ ಮೂಲ ಅಂಕಿಯನ್ನು ಮತ್ತೆ ನೋಡಿ. ಶೇಕಡಾ 1ರಂತೆ ಮುನ್ನೂರು ವರ್ಷ ಎಂದರೆ ಸುಮಾರು ಇಪ್ಪತ್ತು ಪಟ್ಟು. ನಮ್ಮ ಯಾವ ಬಂದರೂ ಹಾಗೆ ಬೆಳೆದಿಲ್ಲ.

ಹಂತ 9: ದೂರದ ನಾಡಿಗೆ ಹೋಲಿಸಿ, ಆದರೆ ಎರವಲು ತರಬೇಡಿ

ಬ್ರಾಡ್‌ಬೆರಿ, ಕಸ್ಟೋಡಿಸ್ ಮತ್ತು ಬಿಷ್ಣುಪ್ರಿಯಾ ಗುಪ್ತಾ ಅವರ ಅಂದಾಜಿನಂತೆ 1600ರಲ್ಲಿ ಭಾರತದ ತಲಾ ಉತ್ಪನ್ನ ಬ್ರಿಟನ್ನಿನದ್ದರ ಶೇಕಡಾ 60ಕ್ಕೂ ಹೆಚ್ಚಿತ್ತು. 1871ರ ಹೊತ್ತಿಗೆ ಶೇಕಡಾ 15ಕ್ಕಿಂತ ಕೆಳಗಿಳಿದಿತ್ತು. ದಕ್ಷಿಣದ ನೇಕಾರರು ಹದಿನೆಂಟನೆಯ ಶತಮಾನದಲ್ಲೂ ಇಂಗ್ಲೆಂಡಿನ ಕೆಲಸಗಾರರಿಗೆ ಸರಿಸಮನಾಗಿ ಬದುಕುತ್ತಿದ್ದರು ಎಂದು ಪ್ರಸನ್ನನ್ ಪಾರ್ಥಸಾರಥಿ ವಾದಿಸಿದ್ದಾರೆ. ಚರ್ಚೆ ಮುಗಿದಿಲ್ಲ. ಅಖಿಲ ಭಾರತದ ಅಂದಾಜಿಗೆ ಬುನಾದಿ ಅಕ್ಬರನ ಆಸ್ಥಾನದ ದಾಖಲೆಯ ಬೆಲೆ, ಕೂಲಿ. ಅದನ್ನು ತಂದು ಹೊನ್ನಾವರಕ್ಕೆ ಅಂಟಿಸುವುದು ಸರಿಯಲ್ಲ. ಇದಕ್ಕಾಗಿಯೇ ನಮ್ಮ ಕಡೆಯ ಕೂಲಿ ಲೆಕ್ಕಕ್ಕೆ ಬೆಲೆ ಇದೆ. ಹೆಚ್ಚು ಜನ ಕೈಹಾಕದ ಜಾಗ ಇದು.

ಹಂತ 10: ಕಾಲ್ನಡಿಗೆಯಲ್ಲಿ ಪರೀಕ್ಷಿಸಿ

ಹಾಳೆಯ ಮೇಲಿನ ಲೆಕ್ಕವನ್ನು ನೆಲದ ಮೇಲೆ ನೋಡಬೇಕು. ಕಾಡಿನೊಳಗೆ ಸಾಲು ಬಾವಿ, ಪಾಯದ ಕಲ್ಲು, ಬಿಟ್ಟುಹೋದ ತೋಟದ ಅಗಳ ಕಂಡರೆ ಅಲ್ಲಿ ಜನವಸತಿ ಇದ್ದು ಹೋಗಿದೆ. ಅಘನಾಶಿನಿ ಹೊಳೆಯ ಬಳಿಯ ಮಿರ್ಜಾನ್ ಕೋಟೆಯ ಉತ್ಖನನದಲ್ಲಿ ಚೀನಾ ಪಿಂಗಾಣಿ ಚೂರು, ಪೋರ್ಚುಗೀಸ್ ಚಿನ್ನದ ನಾಣ್ಯ ಸಿಕ್ಕಿವೆ. ಆ ಹೊಳೆಯಲ್ಲಿ ಎಷ್ಟು ದೂರದ ಸರಕು ಬಂದಿತ್ತು ಎಂಬುದಕ್ಕೆ ಬೇರೆ ಪುರಾವೆ ಬೇಡ. ನಿಮಗೆ ಚೂರು ಸಿಕ್ಕರೆ ಫೋಟೊ ತೆಗೆದು, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು, ಜಾಗ ಗುರುತು ಹಾಕಿಕೊಂಡು ಅಲ್ಲೇ ಬಿಡಿ. ಸಂರಕ್ಷಿತ ಜಾಗದಿಂದ ಎತ್ತಿಕೊಂಡು ಬರುವುದು ಅಪರಾಧ, ಜೊತೆಗೆ ಎತ್ತಿದ ಚೂರು ಸಾಕ್ಷಿಯಾಗಿ ಉಳಿಯುವುದಿಲ್ಲ.

ಎಲ್ಲಿಂದ ಶುರು ಮಾಡಲಿ ಎಂದು ಕೇಳುವವರಿಗೆ: ಶಿರಸಿ, ಸಿದ್ದಾಪುರದವರು ವೀರಗಲ್ಲು ಮತ್ತು ದಾನಶಾಸನದ ಜೋಡಿ ಪಟ್ಟಿಯಿಂದ ಶುರು ಮಾಡಿ. ಭಟ್ಕಳದವರು ವ್ಯಾಪಾರಿಗಳು ಕಟ್ಟಿಸಿದ ಕಟ್ಟಡಗಳ ಕಾಲಕ್ರಮ ಹಿಡಿಯಿರಿ. ಕುಮಟಾದವರಿಗೆ ಕೈಗಾರಿಕೆಯ ಹೊಸ್ತಿಲಿನ ಒಂದು ಸೊಗಸಾದ ಪ್ರಶ್ನೆ ಇದೆ. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಧಾರವಾಡದ ಹತ್ತಿ ಈ ಬಂದರಿನಿಂದ ಹೊರಡುತ್ತಿತ್ತು, ಅದನ್ನು ಕುಮಟಾ ಹತ್ತಿ ಎಂದೇ ಕರೆಯುತ್ತಿದ್ದರು. ರೈಲು ಮಾರ್ಮಗೋವಾ ಕಡೆ ಹೋದ ಮೇಲೆ ದೇವಿಮನೆ ಘಟ್ಟದ ಗಾಡಿ ಸಾಲು ಏನಾಯಿತು? ಕಾರವಾರದವರು 1638ರಿಂದ 1674ರವರೆಗಿನ ವರ್ಷಗಳನ್ನಷ್ಟೇ ತೆಗೆದುಕೊಂಡು, ಹುಬ್ಬಳ್ಳಿ ಸೀಮೆಯಲ್ಲಿ ಕಂಪನಿಗಾಗಿ ನೇಯುತ್ತಿದ್ದರೆಂದು ಹೇಳುವ 50,000 ನೇಕಾರರ ಸಂಖ್ಯೆಯನ್ನು ಪರೀಕ್ಷಿಸಿ. ಒಂದು ಮಗ್ಗಕ್ಕೆ ವರ್ಷಕ್ಕೆ ಎಷ್ಟು ಬಟ್ಟೆ, ಒಂದು ಎತ್ತಿಗೆ ಎಷ್ಟು ಹೇರು, ಘಟ್ಟ ಇಳಿಯಲು ಮಳೆ ಬಿಟ್ಟ ತಿಂಗಳು ಎಷ್ಟು ಎಂದು ಭಾಗಿಸುತ್ತಾ ಬಂದರೆ ಆ ಸಂಖ್ಯೆ ನಿಲ್ಲುತ್ತದೋ ಬೀಳುತ್ತದೋ ಒಂದು ವಾರದೊಳಗೆ ಗೊತ್ತಾಗುತ್ತದೆ.